ತಿಮ್ಮರಾಜು ಸಹಿ ಹಾಕದ ತಿಂಗಳು

ಶೀಳನೆರೆಯ ಹಿರಿಯರಿಗೆ, ತಾಯಂದಿರಿಗೆ, ಕೆ.ಆರ್. ಪೇಟೆ, ಪಾಂಡವಪುರದ ಕಡೆಯಿಂದ ಕೆಲಸ ಬಿಟ್ಟು ಬಂದಿರುವ ನೆಂಟರಿಷ್ಟರಿಗೆ, ಬಿಂಡಿಗನವಿಲೆಯಿಂದ ಬೆಳಗಿನ ಬಸ್ಸು ಹಿಡಿದು ಬಂದಿರುವ ತಿಮ್ಮರಾಜು ಅವರ ಅಕ್ಕನ ಮನೆಯವರಿಗೆ — ಎಲ್ಲರಿಗೂ ನಮಸ್ಕಾರ. ಬೈರಮ್ಮನವರೇ, ನೀವು ನೆಟ್ಟಗೆ ಕೂರೋದು ಬೇಡಮ್ಮ, ಗೋಡೆಗೆ ಒರಗಿಕೊಂಡೇ ಕೇಳಿ. ತೀರಿಹೋದ ಮಗನ ಬಗ್ಗೆ ನಾನು ಹೇಳೋದನ್ನ ನೀವು ಕೇಳಬೇಕಾಗಿ ಬಂತಲ್ಲಮ್ಮ. ಪ್ರಮೀಳಮ್ಮನವರೇ, ಅರ್ಪಿತ, ನಿಮಗೂ ನಮಸ್ಕಾರ.

ನನ್ನ ಹೆಸರು ಸುಶಮೀಂದ್ರ. ಶ್ರೀರಂಗಪಟ್ಟಣದವನು. ನಮ್ಮ ತಂದೆ ದೇವಸ್ಥಾನದ ಸೇವೆಯಲ್ಲಿದ್ದವರು. ನಾನು ಮಾತ್ರ ಕೆಮಿಸ್ಟ್ರಿ ಓದಿ, ಇಲ್ಲಿಂದ ಒಂದು ಹಗಲು ಒಂದು ರಾತ್ರಿ ದೂರದ ಬಿಸಿಲು ಸೀಮೆಗೆ, ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರಕ್ಕೆ ಕೆಲಸಕ್ಕೆ ಹೋದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿನ ಪ್ರಯೋಗಾಲಯದಲ್ಲಿ ತಿಮ್ಮರಾಜು ಅವರ ಜೊತೆ ಇಪ್ಪತ್ತೆರಡು ವರ್ಷ ಇದ್ದೆ.

ನಿನ್ನೆ ಮಧ್ಯಾಹ್ನ ಈ ಊರಿಗೆ ಬಂದೆ. ಅರ್ಪಿತ ಕಾಫಿ ತಂದುಕೊಟ್ಟಳು. ಲೋಟ ಕೈಗಿಟ್ಟು ಅಲ್ಲೇ ನಿಂತಳು. ಆಮೇಲೆ ಕೇಳಿದಳು — "ಅಂಕಲ್, ಅಪ್ಪ ಅಲ್ಲಿ ಏನ್ಮಾಡ್ತಿದ್ರು?" ವರ್ಷಕ್ಕೆ ನಾಲ್ಕು ಸಲ ಬರೋರು, ಬಂದಾಗ ಗದ್ದೆ ಕಡೆ ಹೋಗೋರು, ಹೊರಟುಬಿಡೋರು, ನಮಗೆ ಏನೂ ಗೊತ್ತಿಲ್ಲ ಅಂದಳು. ಇವತ್ತು ನಾನು ಮಾತಾಡ್ತಿರೋದು ಮುಖ್ಯವಾಗಿ ಆ ಮಗುವಿಗೆ. ನೀವೆಲ್ಲ ಜೊತೆಗೆ ಕೇಳಿಸಿಕೊಳ್ಳಿ.

ನಾನು ಕೆಲಸಕ್ಕೆ ಸೇರಿದ ದಿನ ಕ್ಯಾಂಟೀನಿನಲ್ಲಿ ಜೋಳದ ರೊಟ್ಟಿ ಮುಂದಿಟ್ಟುಕೊಂಡು ಹೇಗೆ ತಿನ್ನೋದು ಅಂತ ನೋಡ್ತಿದ್ದೆ. ಎದುರು ಕೂತಿದ್ದ ತಿಮ್ಮರಾಜು ನನ್ನ ಊರು ಕೇಳಿದರು. ಹೇಳಿದೆ. "ಪಟ್ನದೋರಾ? ಅಂಗಾದ್ರೆ ನಮ್ಮೋರೇ ಬುಡಿ" ಅಂದರು. ಅಷ್ಟೇ. ಅವತ್ತಿನಿಂದ ನಾನು ಅವರಿಗೆ 'ಸ್ವಾಮಿ'. ಬರೀ ಹೆಸರು ಹಿಡಿದು ಅವರು ನನ್ನ ಕರೆದದ್ದು ನೆನಪಿಲ್ಲ. ಭಾನುವಾರ ಅವರ ಕ್ವಾರ್ಟರ್ಸಿನಲ್ಲಿ ಮುದ್ದೆ. ಹಿಟ್ಟು ಈ ಊರಿಂದಲೇ ಹೋಗಬೇಕು. ಅಲ್ಲಿ ಸಿಗುವ ರಾಗಿಗೆ ಅವರು ಒಂದು ದಿನವೂ ಮರ್ಯಾದೆ ಕೊಟ್ಟವರಲ್ಲ.

ಈಗ ಕೆಲಸದ ವಿಷಯ. ಕಲ್ಲಿದ್ದಲಿನಲ್ಲಿ ಸ್ವಲ್ಪ ಗಂಧಕ ಇರುತ್ತೆ. ಸುಟ್ಟಾಗ ಅದು ಅನಿಲವಾಗಿ ಚಿಮಣಿಯಿಂದ ಹೊರಗೆ ಹೋಗುತ್ತೆ. ಕಣ್ಣಿಗೆ ಕಾಣಲ್ಲ. ಬೆಂಕಿಕಡ್ಡಿ ಗೀರಿದ ತಕ್ಷಣ ಮೂಗಿಗೆ ಒಂದು ಘಾಟು ಹೊಡೆಯುತ್ತಲ್ಲ — ಅದೇ ಜಾತಿಯದು. ಒಂದು ಕಡ್ಡಿಗೆ ನಾವು ಮುಖ ತಿರುಗಿಸ್ತೀವಿ. ಅಲ್ಲಿ ಸುಡೋದು ದಿನಕ್ಕೆ ಸಾವಿರಾರು ಟನ್ನು ಕಲ್ಲಿದ್ದಲು.

ಅದನ್ನು ಹಿಡಿಯೋಕೆ ದಾರಿ ಇಲ್ಲವೇ? ಇದೆ. ಪಾಂಡವಪುರದ ಕಡೆಯವರು ಇಲ್ಲಿದ್ದೀರಿ, ಆಲೆಮನೆ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸುಣ್ಣ ಹಾಕ್ತೀರಿ, ಕೊಳೆ ಮೇಲೆ ಬರುತ್ತೆ, ತೆಗೆದು ಎಸೀತೀರಿ. ಹೊಸದಾಗಿ ಬಂದ ಇಂಜಿನಿಯರುಗಳಿಗೆ ತಿಮ್ಮರಾಜು ಪಾಠ ಶುರುಮಾಡ್ತಿದ್ದದ್ದೇ ಇದರಿಂದ. ಹೊಗೆಯನ್ನು ಒಂದು ದೊಡ್ಡ ಗೋಪುರದೊಳಗೆ ಹಾಯಿಸಬೇಕು, ಮೇಲಿಂದ ಸುಣ್ಣದಕಲ್ಲಿನ ಪುಡಿ ಕಲಸಿದ ನೀರನ್ನು ಮಳೆ ಥರ ಸುರಿಸಬೇಕು. ಗಂಧಕವನ್ನು ಸುಣ್ಣ ಹಿಡಿದುಕೊಳ್ಳುತ್ತೆ. ಕೆಳಗೆ ಜಿಪ್ಸಮ್ಮು ಬೀಳುತ್ತೆ, ಮೇಲೆ ತೊಳೆದ ಹೊಗೆ ಹೋಗುತ್ತೆ. ಇದೇನು ಹೊಸ ವಿದ್ಯೆಯಲ್ಲ. ಬೇರೆ ದೇಶಗಳಲ್ಲಿ ಎಷ್ಟೋ ಕಾಲದಿಂದ ಮಾಡ್ತಾ ಇದ್ದಾರೆ.

ಎರಡು ಸಾವಿರದ ಹದಿನೈದರ ಕೊನೆಯಲ್ಲಿ ನಮ್ಮಲ್ಲೂ ನಿಯಮ ಬಂತು. ಎರಡು ವರ್ಷದ ಗಡುವು. ಗೋಪುರದ ವರದಿ ತಯಾರಿಸುವ ಕೆಲಸವನ್ನು ತಿಮ್ಮರಾಜು ಅವರಿಗೆ ಕೊಟ್ಟರು. ಆ ಮನುಷ್ಯ ಅಷ್ಟು ಖುಷಿಯಾಗಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಚಿಮಣಿಯ ಹಿಂದಿನ ಖಾಲಿ ಜಾಗಕ್ಕೆ ನನ್ನನ್ನು ಕರೆದುಕೊಂಡು ಹೋಗಿ, ಕೈ ಚಾಚಿ ಚಾಚಿ — ಇಂಗೆ — ತೋರಿಸಿದರು. ಇಲ್ಲಿ ಗೋಪುರ, ಇಲ್ಲಿ ಸುಣ್ಣದಕಲ್ಲು ಅರೆಯುವ ಗಿರಣಿ, ಇಲ್ಲಿ ಜಿಪ್ಸಮ್ಮಿನ ರಾಶಿ. ಮೂಲೆಗೊಂದು ಕಲ್ಲು ನೆಟ್ಟು ಬಿಳಿ ಬಣ್ಣ ಬಳಿದರು.

ಗಡುವು ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಆಮೇಲೆ ಮತ್ತೊಂದು ಸಲ. ಕಲ್ಲುಗಳ ಸುತ್ತ ಜಾಲಿ ಬೆಳೆಯಿತು.

ಸ್ಥಾವರದ ಪಡುವಲಿಗೆ ಒಂದು ಸಣ್ಣ ಊರಿದೆ. ಚಳಿಗಾಲದಲ್ಲಿ ಮೂಡಲ ಗಾಳಿ ಬೀಸುವಾಗ ನಮ್ಮ ಹೊಗೆ ಹೋಗಿ ಕೂರೋದು ಅಲ್ಲೇ. ಒಂದು ದಿನ ಆ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ದ್ಯಾವಮ್ಮ ಅನ್ನುವ ಹೆಣ್ಣುಮಗಳು ನಮ್ಮ ಗೇಟಿಗೆ ಬಂದರು. ಮಕ್ಕಳು ಅಂಗಳದಲ್ಲಿ ಕೂತು ಉಣ್ಣೋಕಾಗಲ್ಲ, ಕಣ್ಣು ಉರೀತಾವೆ, ಕೆಮ್ಮಿ ಕೆಮ್ಮಿ ತಿಂದದ್ದನ್ನು ಕಕ್ಕಿಬಿಡ್ತಾರೆ, ಬಾಗಿಲು ಕಿಟಕಿ ಮುಚ್ಚಿ ಊಟ ಹಾಕ್ತೀನಿ ಅಂತ ಹೇಳಿಕೊಳ್ಳೋಕೆ ಬಂದಿದ್ದರು. ಗೇಟಿನವರು ಒಳಗೆ ಬಿಡಲಿಲ್ಲ. ತಿಮ್ಮರಾಜು ಕ್ಯಾಂಟೀನಿನಿಂದ ಬರ್ತಿದ್ದವರು ನಿಂತು ಕೇಳಿದರು.

ಅದರ ಮುಂದಿನ ಭಾನುವಾರದಿಂದ ನಮ್ಮ ಮುದ್ದೆ ಊಟ ಸಂಜೆಗೆ ಹೋಯಿತು. ಬೆಳಿಗ್ಗೆ ಎದ್ದರೆ ಅವರು ಸ್ಕೂಟರಿನಲ್ಲಿ ಆ ಊರಿಗೆ. ಒಂದು ಗಾಜಿನ ಬಾಟಲಿ, ಅದರಲ್ಲಿ ಗಂಧಕದ ಅನಿಲ ಹಿಡಿಯುವ ದ್ರಾವಣ, ಗಾಳಿ ಎಳೆಯಲು ಸಣ್ಣ ಪಂಪು. ಶಾಲೆಯ ಜಗಲಿ ಮೇಲೆ ಇಟ್ಟುಕೊಂಡು ಗಂಟೆಗಟ್ಟಲೆ ಕೂರೋರು. ಸೋಮವಾರ ಲ್ಯಾಬಿನಲ್ಲಿ ಪರೀಕ್ಷೆ, ಬಂದ ಅಂಕಿ ಒಂದು ಪುಸ್ತಕಕ್ಕೆ, ಕೆಳಗೆ ಸಹಿ. ಅನಿಲ ಜಾಸ್ತಿ ಇದ್ದಷ್ಟೂ ಬಾಟಲಿಯ ಬಣ್ಣ ಗಾಢವಾಗುತ್ತೆ. ಚಳಿಗಾಲದ ಬಾಟಲಿಗಳು ನೇರಳೆಹಣ್ಣು ತಿಂದ ನಾಲಿಗೆ ಥರ ಇರ್ತಿದ್ದವು. ಯಾರೂ ಮಾಡು ಅಂದಿರಲಿಲ್ಲ. ಮಾಡಿದ್ದಕ್ಕೆ ಯಾರೂ ಶಹಬ್ಬಾಸ್ ಅನ್ನಲಿಲ್ಲ. ಮೇಲಿನವರು ಒಂದು ಸಲ, ನಿಮಗೆ ಭಾನುವಾರ ಬೇರೆ ಕೆಲಸ ಇಲ್ಲವೇನ್ರೀ ಅಂತ ಕೇಳಿದರು. ಇಲ್ಲ ಸಾರ್ ಅಂದರು. ನಿಜವಾಗಿಯೂ ಇರಲಿಲ್ಲ. ಹೆಂಡತಿ ಮಗಳು ಇಲ್ಲಿ, ತಾಯಿ ಇಲ್ಲಿ. ಸಾಯಂಕಾಲ ಆದರೆ ಒಂದು ಕೋಣೆ, ಒಂದು ಕುರ್ಚಿ.

ಈಗ ನಾನು ಹೇಳಲೇಬೇಕಾದ ಮಾತು ಬಂತು. ಸ್ವಲ್ಪ ನೀರು ಕೊಡಿ —

ನಾಲ್ಕು ವರ್ಷದ ಹಿಂದೆ, ನವೆಂಬರ್ ತಿಂಗಳು. ಚಿಮಣಿಯೊಳಗೆ ಗಂಧಕದ ಅನಿಲ ಅಳೆಯುವ ಒಂದು ಯಂತ್ರ ಇದೆ. ಆ ತಿಂಗಳು ಅದು ತೋರಿಸಿದ ಅಂಕಿ ಬಹಳ ಮೇಲಿತ್ತು, ಬಂದ ಕಲ್ಲಿದ್ದಲು ಅಂಥದ್ದು. ತಪಾಸಣೆಯವರು ಬರೋರಿದ್ದರು. ಒಬ್ಬ ಹಿರಿಯ ಅಧಿಕಾರಿ ನಮ್ಮಿಬ್ಬರನ್ನೂ ಕರೆದು ಕೂರಿಸಿಕೊಂಡು, ಯಂತ್ರ ಕೆಟ್ಟಿದೆ ಅಂತ ಬರೆಯಿರಿ, ಹಿಂದಿನ ತಿಂಗಳುಗಳ ಸರಾಸರಿ ಹಾಕಿ ಸಹಿ ಮಾಡಿ ಅಂದರು. ತಿಮ್ಮರಾಜು ಲ್ಯಾಬಿನ ಮುಖ್ಯಸ್ಥರು, ಸಹಿ ಅವರದ್ದು; ಅವರಾದ ಮೇಲೆ ನಾನು.

ಅವರು ಕಾಗದ ನೋಡಿದರು. ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ. "ಯಂತ್ರ ಸರಿಯಾಗೈತೆ ಸಾರ್. ಬೆಳಿಗ್ಗೆ ನಾನೇ ನೋಡಿವ್ನಿ" ಅಂದರು. ಅಧಿಕಾರಿ ಗದರಲಿಲ್ಲ. ಕಾಗದವನ್ನು ಮೇಜಿನ ಮೇಲೆ ಹಾಗೇ ನನ್ನ ಕಡೆಗೆ ಸರಿಸಿದರು. ನಮ್ಮ ತಂದೆಗೆ ಆಗ ಕಾಲು ಬಿದ್ದುಹೋಗಿತ್ತು, ಪಟ್ಟಣದ ಮನೆಯಲ್ಲಿ ನೋಡಿಕೊಳ್ಳೋಕೆ ಅಮ್ಮ ಒಬ್ಬರೇ. ಈ ಕಡೆಯ ಒಂದು ಜಲವಿದ್ಯುತ್ ಕೇಂದ್ರಕ್ಕೆ ವರ್ಗ ಮಾಡಿಕೊಡಿ ಅಂತ ನಾನು ಅರ್ಜಿ ಕೊಟ್ಟು ಎರಡು ವರ್ಷವಾಗಿತ್ತು. ನಿಮ್ಮ ಅರ್ಜಿ ನನ್ನ ಮೇಜಿನ ಮೇಲೇ ಇದೆ ಸುಶಮೀಂದ್ರ ಅಂತ ಅವರು ಅಂದರು. ನಾನು ತಿಮ್ಮರಾಜು ಮುಖ ನೋಡಲಿಲ್ಲ. ಸಹಿ ಹಾಕಿದೆ.

ಹೌದು — ನಾನೇ. ಈ ವಿಷಯ ಈ ಮನೆಯವರಿಗೆ ಗೊತ್ತಿಲ್ಲ. ಅವರು ಮನೆಯಲ್ಲಿ ಹೇಳಿರಲಿಲ್ಲ. ನನ್ನ ಹೆಸರು ಕೆಡಿಸಬಾರದು ಅಂತ ಹೇಳಿರಲಿಲ್ಲವೋ ಏನೋ.

ವರ್ಗ ಬರಲಿಲ್ಲ. ಬದಲಿಗೆ ತಿಮ್ಮರಾಜು ಅವರ ಕುರ್ಚಿ ಬಂತು. ಅವರನ್ನು ಕಲ್ಲಿದ್ದಲು ಅಂಗಳದ ಶೆಡ್ಡಿಗೆ ಹಾಕಿದರು, ವ್ಯಾಗನ್ನಿನಿಂದ ತಂದ ಕಲ್ಲಿದ್ದಲನ್ನು ಕುಟ್ಟಿ ಪುಡಿ ಮಾಡಿ ಪೊಟ್ಟಣ ಕಟ್ಟುವ ಕೆಲಸ. ಮೂವತ್ತು ವರ್ಷದ ಸರ್ವಿಸಿನವರಿಗೆ. ಕ್ಯಾಂಟೀನಿನಲ್ಲಿ ಅವರ ಎದುರು ಕೂರೋಕೆ ಜನ ಹೆದರಿದರು. ಇನ್ನೊಬ್ಬರ ಮೇಲೆ ಯಾಕೆ ಹೇಳಲಿ, ನಾನೂ ಹೆದರಿದೆ. ಗೋಡೆ ಪಕ್ಕದ ಕೊನೆಯ ಮೇಜಿನಲ್ಲಿ ಅವರೊಬ್ಬರೇ. ಕೈ ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿದಿರೋದು. ಭಾನುವಾರದ ಮುದ್ದೆಗೆ ನಾನು ಹೋಗೋದು ನಿಲ್ಲಿಸಿದೆ. ಬಾ ಅಂತ ಅವರು ಕರೆಯಲಿಲ್ಲ, ಬರಬೇಡ ಅಂತಲೂ ಹೇಳಲಿಲ್ಲ.

ಒಂದೇ ಒಂದು ಸಲ, ಸೈಕಲ್ ಸ್ಟ್ಯಾಂಡಿನ ಹತ್ತಿರ ಎದುರಾದಾಗ, ನಿಂತು ಹೇಳಿದರು. "ಸ್ವಾಮಿ, ನಿಮ್ ಸಹಿ ನೋಡ್ಕಂಡು ಗಂಧಕ ಕಮ್ಮಿ ಆಗಕಿಲ್ಲ." ಕೋಪವಿರಲಿಲ್ಲ. ಪಾಠ ಹೇಳುವ ಧ್ವನಿಯಲ್ಲೇ ಹೇಳಿ ಹೋದರು. ಅವತ್ತು ಅವರು ನನಗೆ ಎರಡು ಏಟು ಕೊಟ್ಟಿದ್ದರೆ ನನಗೆ ಹಗುರಾಗ್ತಿತ್ತು.

ಆದರೂ ಆ ಶೆಡ್ಡಿನಲ್ಲಿ ಕೂತು ಅವರು ಸುಮ್ಮನಿರಲಿಲ್ಲ. ಭಾನುವಾರದ ಬಾಟಲಿಗಳ ಪರೀಕ್ಷೆಯನ್ನು ಅಲ್ಲೇ ಒಂದು ಮೂಲೆಯಲ್ಲಿ ಮಾಡಿಕೊಳ್ಳೋರು. ಗೋಪುರ ಬರೋದು ಬಂದಾಗ ಬರಲಿ, ಅಲ್ಲಿಯ ತನಕ ಹೊಗೆಯ ಕೊಳವೆಗೇ ಒಣ ಸುಣ್ಣದ ಪುಡಿ ಊದಿದರೆ ಗಂಧಕ ಅರ್ಧವಾದರೂ ಇಳಿಯುತ್ತೆ ಅಂತ ಹನ್ನೆರಡು ಪುಟ ಬರೆದರು. ಎರಡು ವರ್ಷದ ಹಿಂದೆ ಪ್ರಜ್ಞ ಅಂತ ಒಬ್ಬರು ಇಂಜಿನಿಯರು ನಮ್ಮಲ್ಲಿಗೆ ಬಂದರು. ವಯಸ್ಸು ಚಿಕ್ಕದು. ಆ ಹನ್ನೆರಡು ಪುಟ ಓದಿ, ಸೀದಾ ಶೆಡ್ಡಿಗೆ ಹೋಗಿ, ಕಲ್ಲಿದ್ದಲು ಪುಡಿಯ ಮಧ್ಯೆ ಒಂದು ಡಬ್ಬದ ಮೇಲೆ ಕೂತು ಅವರ ಹತ್ತಿರ ಮಾತಾಡಿದರು. ಚಿಕ್ಕ ಘಟಕವೊಂದರಲ್ಲಿ ಪ್ರಯೋಗ ಮಾಡಲು ಒಪ್ಪಿಗೆ ತಂದರು.

ಹತ್ತೊಂಬತ್ತು ದಿನ ನಡೆಯಿತು. ಡಿಸೆಂಬರ್ ತಿಂಗಳು, ಮೂಡಲ ಗಾಳಿ ಬೀಸುವ ಕಾಲ. ದೊಡ್ಡ ಘಟಕಗಳಲ್ಲಿ ಒಂದು ರಿಪೇರಿಗೆ ನಿಂತಿತ್ತು, ಅದೂ ಅನುಕೂಲವಾಯಿತು. ಆರನೆಯ ದಿನ ಮಧ್ಯಾಹ್ನ ನಾನು ಲ್ಯಾಬಿನಲ್ಲಿದ್ದೆ. ಬಾಗಿಲು ತೆರೆದುಕೊಂಡು ತಿಮ್ಮರಾಜು ಬಂದರು. ಅವರು ಆ ಬಾಗಿಲು ದಾಟಿ ಎರಡು ವರ್ಷವಾಗಿತ್ತು. ಓಡಿ ಬಂದಿದ್ದರು, ಮೈಯೆಲ್ಲ ಕಪ್ಪು, ಸುಣ್ಣ ಹತ್ತಿದ ಕಡೆ ಬೆಳ್ಳಗೆ. ಏದುಸಿರು ಬಿಡ್ತಾ ಹೇಳಿದರು — "ಸ್ವಾಮಿ, ದ್ಯಾವಮ್ಮ ಫೋನ್ ಮಾಡಿದ್ರು. ಇವತ್ತು ಐಕ್ಳು ಅಂಗಳದಲ್ಲಿ ಕುಂತು ಉಂಡ್ವಂತೆ."

ಹೇಳಿ, ನಾನಿದ್ದ ಕುರ್ಚಿಯನ್ನೊಮ್ಮೆ ನೋಡಿ, ಯಾರ ಹತ್ತಿರ ಬಂದು ಹೇಳ್ತಿದ್ದೀನಿ ಅಂತ ಆಗ ನೆನಪಾಯಿತೋ ಏನೋ — ಬಾಗಿಲ ಕಡೆ ತಿರುಗಿದರು. ಹೋಗಿಬಿಟ್ಟರು.

ಇಷ್ಟು ವರ್ಷ ಕಾದದ್ದು ಕೈಗೆ ಸಿಕ್ಕ ದಿನ, ಆ ಮನುಷ್ಯನಿಗೆ ಹೇಳಿಕೊಳ್ಳೋಕೆ ಸಿಕ್ಕವನು ನಾನು. ಮೋಸ ಮಾಡಿದವನು. ಅಷ್ಟು ಒಂಟಿಯಾಗಿದ್ದರು.

ಅವತ್ತು ಮನೆಗೂ ಫೋನ್ ಮಾಡಿದ್ದರಂತೆ. ಪ್ರಮೀಳಮ್ಮ ನಿನ್ನೆ ನೆನೆಸಿಕೊಂಡು ಹೇಳಿದರು. "ಸುಣ್ಣ ಕೆಲ್ಸ ಮಾಡ್ತು ಕಣೆ" ಅಂದರಂತೆ. ಇವರು, ಕ್ವಾರ್ಟರ್ಸಿಗೆ ಸುಣ್ಣ ಹೊಡೆಸಿದ್ದಾರೆ ಅಂತ ತಿಳಿದು, ಅಡುಗೆಮನೆಗೂ ಹೊಡೆಸಿಬುಡಿ ಅಂದರಂತೆ. ಅದನ್ನು ಹೇಳುವಾಗ ನಕ್ಕರು, ಆಮೇಲೆ ಅಳೋಕೆ ಶುರುಮಾಡಿದರು. ಅಳಬೇಡಿ ಅಮ್ಮ. ನಮಗೇ ಗೊತ್ತಾಗಲಿಲ್ಲ, ನಿಮಗೆ ಹೇಗೆ ಗೊತ್ತಾಗಬೇಕು.

ಇಪ್ಪತ್ತನೆಯ ದಿನ ಕೊಳವೆಗಳಲ್ಲಿ ಸುಣ್ಣ ಮೆತ್ತಿಕೊಂಡು ಘಟಕ ನಿಂತಿತು. ಕೊಳವೆಯ ಅಳತೆ ಬದಲಿಸಿದರೆ ಸರಿಹೋಗುತ್ತೆ ಅಂತ ತಿಮ್ಮರಾಜು ಬರೆದುಕೊಟ್ಟರು. ಪ್ರಯೋಗವನ್ನೇ ನಿಲ್ಲಿಸಿದರು. ಹೋದ ವರ್ಷ ಮಳೆಗಾಲದಲ್ಲಿ ಹೊಸ ಆದೇಶ ಬಂತು. ದೊಡ್ಡ ನಗರಗಳಿಂದ ದೂರವಿರುವ ನಮ್ಮಂಥ ಸ್ಥಾವರಗಳಿಗೆ ಆ ಗೋಪುರ ಇನ್ನು ಕಡ್ಡಾಯವಲ್ಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಅಷ್ಟೊಂದು ಅಪಾಯವಿಲ್ಲ ಅನ್ನುವ ವಾದವೂ ಇದೆ. ಓದಿದವರೇ ಹೇಳ್ತಾರೆ, ಇರಬಹುದು. ಆದೇಶದ ಪ್ರತಿಯನ್ನು ಶೆಡ್ಡಿಗೆ ನಾನೇ ತೆಗೆದುಕೊಂಡು ಹೋದೆ. ಬೇರೆ ಯಾರಾದರೂ ನಗುತ್ತಾ ಕೊಟ್ಟಾರು ಅನ್ನುವ ಭಯ ನನಗೆ. ಅವರು ಎರಡು ಸಲ ಓದಿದರು. ಮಡಿಸಿ ಜೇಬಿನಲ್ಲಿಟ್ಟುಕೊಂಡರು. "ಊರು ದೊಡ್ದಾದ್ರೆ ಮಾತ್ರ ಕೆಮ್ಮು ಬತ್ತದಾ ಸ್ವಾಮಿ?" ಅಂತ ಕೇಳಿದರು. ಆಮೇಲೆ ಕುಟ್ಟೋಕೆ ಕೂತರು.

ಆದರೂ ಅದರ ಮುಂದಿನ ಭಾನುವಾರವೂ ಸ್ಕೂಟರ್ ಹೊರಟಿತು. ಅದಕ್ಕೆ ಅವರು ತಿಮ್ಮರಾಜು.

ಕಳೆದ ತಿಂಗಳ ಎರಡನೆಯ ಭಾನುವಾರ. ಕಚೇರಿಯಿಂದ ನಿಮಗೆ ಬಂದ ಪತ್ರದಲ್ಲಿ, ಶಾಲೆಯ ಜಗಲಿಯ ಮೇಲೆ ಒಬ್ಬರೇ ಇದ್ದಾಗ ಹೃದಯಾಘಾತವಾಗಿ ತೀರಿಕೊಂಡರು ಅಂತ ಬರೆದಿದ್ದಾರೆ. ಬೈರಮ್ಮನವರು ನಿನ್ನೆಯಿಂದ ನನ್ನನ್ನು ಅದೊಂದನ್ನೇ ಕೇಳ್ತಿದ್ದಾರೆ. "ನನ್ ಮಗ ಒಬ್ನೇ ಇದ್ನಾ?" ಅಮ್ಮಾ, ಪತ್ರ ತಪ್ಪು. ಒಬ್ಬರೇ ಇರಲಿಲ್ಲ.

ಅಲ್ಲಿ ಕೊನೆಯ ಸಾಲಿನಲ್ಲಿ ಹಸಿರು ಇಳಕಲ್ಲು ಸೀರೆ ಉಟ್ಟು ಕೂತಿರುವವರು ದ್ಯಾವಮ್ಮ. ಈ ಸೀಮೆ ಅವರು ಹಿಂದೆ ಕಂಡವರಲ್ಲ. ನೀವು ಹೋಗದಿದ್ದರೂ ನಾ ಹೋಗತೀನ್ರಿ ಅಂತ ಹಟ ಮಾಡಿ, ರೈಲು, ಆಮೇಲೆ ಎರಡು ಬಸ್ಸು ಹತ್ತಿ ನನ್ನ ಜೊತೆ ಬಂದಿದ್ದಾರೆ. ಅವತ್ತು ಅಂಗಳ ಗುಡಿಸ್ತಿದ್ದರಂತೆ. ತಿಮ್ಮರಾಜು ಎದೆ ಹಿಡಿದುಕೊಂಡು ವಾಲಿದ್ದನ್ನು ನೋಡಿ ಓಡಿ ಬಂದು ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡರು. ನೀರು ಕುಡಿಸಿದರು. ಊರಿನವರು ಆಂಬುಲೆನ್ಸಿಗೆ ಫೋನ್ ಮಾಡಿದರು, ಅದು ಬರೋಕೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಮುಗಿದಿತ್ತು. ಮಧ್ಯೆ ಒಂದು ಸಲ ಕಣ್ಣು ಬಿಟ್ಟು, ಬಾಟಲಿ ಮುಚ್ಚಳ ಹಾಕಮ್ಮ ಅಂದರಂತೆ. ಆಮೇಲೆ ಅವ್ವಾ ಅಂದರಂತೆ. ನನಗ ಅಂದಿದ್ದಲ್ಲರಿ, ಅವರ ಅವ್ವಗ ಅಂದಿದ್ದು, ಅದನ್ನ ಆಕಿಗೆ ಮುಟ್ಟಿಸಬೇಕು ನಾನು ಅಂತ ದ್ಯಾವಮ್ಮ ದಾರಿಯುದ್ದಕ್ಕೂ ಹೇಳ್ತಿದ್ದರು.

ಬೈರಮ್ಮನವರೇ — ಮುಟ್ಟಿತಮ್ಮ.

ಮುಚ್ಚಳ ಹಾಕಿದ ಆ ಬಾಟಲಿಯನ್ನು ದ್ಯಾವಮ್ಮ ನನ್ನ ಕೈಗೆ ತಂದುಕೊಟ್ಟರು. ಸೋಮವಾರ ನಾನೇ ಪರೀಕ್ಷೆ ಮಾಡಿದೆ. ಬಣ್ಣ ಗಾಢವಾಗಿ ಬಂತು. ಅವರ ಪುಸ್ತಕದಲ್ಲಿ ಆ ಭಾನುವಾರದ ಮುಂದೆ ಅಂಕಿ ಬರೆದೆ. ಕೆಳಗೆ ಸಹಿ ಹಾಕಬೇಕಿತ್ತು, ಕೈ ಬರಲಿಲ್ಲ. ಅದಕ್ಕೆ ಮುಂಚೆ ಇನ್ನೊಂದು ಕೆಲಸ ಬಾಕಿ ಇತ್ತು.

ಆ ವಾರವೇ ಮಾಲಿನ್ಯ ನಿಯಂತ್ರಣದವರಿಗೆ ಪತ್ರ ಬರೆದೆ. ನಾಲ್ಕು ವರ್ಷದ ಹಿಂದಿನ ಆ ನವೆಂಬರ್ ತಿಂಗಳ ಅಂಕಿ ಸುಳ್ಳು, ಯಂತ್ರ ಸರಿಯಾಗಿತ್ತು, ಸಹಿ ನನ್ನದು, ಸಹಿ ಹಾಕಲು ನಿರಾಕರಿಸಿದವರು ತಿಮ್ಮರಾಜು. ಜೊತೆಗೆ ಅವರ ಐದು ಪುಸ್ತಕಗಳ ಪ್ರತಿ. ವಿಚಾರಣೆಗೆ ಕರೆದಿದ್ದಾರೆ, ಮುಂದಿನ ಸೋಮವಾರ ಹೋಗಬೇಕು. ನನಗೆ ಏನಾಗುತ್ತೋ ಗೊತ್ತಿಲ್ಲ, ಆಗಬೇಕಾದ್ದು ಆಗಲಿ. ಪ್ರಜ್ಞ ಅವರು ಅದೇ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಹೊಸ ಅಳತೆಯ ಕೊಳವೆ ಹಾಕಿ ಸುಣ್ಣದ ಪ್ರಯೋಗ ಮತ್ತೆ ಶುರುಮಾಡಲು ಕೇಳಿದ್ದಾರೆ. ಮೇಲಿನವರು ಹೂಂ ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ. ನಿಮ್ಮ ಮುಂದೆ ಸುಳ್ಳು ಸಮಾಧಾನ ಹೇಳೋಕೆ ನಾನು ಬಂದಿಲ್ಲ. ಇವತ್ತಿನ ಮಟ್ಟಿಗೆ ಆ ಊರಿನ ಮಕ್ಕಳು ಬಾಗಿಲು ಹಾಕಿಕೊಂಡೇ ಉಣ್ತಿದ್ದಾರೆ. ಭಾನುವಾರ ಬಾಟಲಿ ಹಿಡಿದುಕೊಂಡು ಈಗ ನಾನು ಹೋಗ್ತೀನಿ. ಆ ಜಗಲಿಯ ಮೇಲೆ ಒಬ್ಬನೇ ಕೂತಾಗ ಗೊತ್ತಾಗುತ್ತೆ, ಒಂದು ಭಾನುವಾರ ಎಷ್ಟು ಉದ್ದ ಅಂತ.

ಅರ್ಪಿತ, ನಿಮ್ಮಪ್ಪ ಅಲ್ಲಿ ಏನು ಮಾಡ್ತಿದ್ದರು ಅಂದರೆ — ಇದನ್ನು ಮಾಡ್ತಿದ್ದರಮ್ಮ. ನಾನು ಜೊತೆಗೆ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಕ್ಷಮಿಸು ಅಂತ ಕೇಳೋಕೂ ನನಗೆ ಮುಖವಿಲ್ಲ. ನಿನಗೆ ಗೊತ್ತಿರಲಿ ಅಂತ ಹೇಳಿದೆ.

ಹೊರಡೋ ಮುಂಚೆ ಇನ್ನೊಂದು. ಇವತ್ತು ಬೆಳಿಗ್ಗೆ ಪ್ರಮೀಳಮ್ಮ ಹೇಳಿದ್ದು. ರಜಕ್ಕೆ ಬಂದಾಗ ತಿಮ್ಮರಾಜು ಬಸ್ಸು ಇಳಿದ ತಕ್ಷಣ ಮನೆ ಕಡೆ ಹೆಜ್ಜೆ ಇಡ್ತಿರಲಿಲ್ಲವಂತೆ. ಚೀಲ ಕೆಳಗಿಟ್ಟು, ಬಿಸಿಲಿನಲ್ಲೇ, ಎರಡು ನಿಮಿಷ ಸುಮ್ಮನೆ ನಿಂತಿರೋರಂತೆ. ಯಾಕೆ ಹಾಗೆ ನಿಲ್ತೀರಿ, ಜನ ನೋಡ್ತಾರೆ ಅಂತ ಇವರು ಬೈದರೆ, ಇರು ಕಣೆ, ಒಂದೆರಡು ಸಲ ಉಸಿರು ತಗೊಂಡು ಬತ್ತೀನಿ ಅನ್ನೋರಂತೆ.

ಬೈರಮ್ಮನವರೊಬ್ಬರು ಕೂತಿರಲಿ. ಉಳಿದವರೆಲ್ಲ ದಯವಿಟ್ಟು ಏಳಿ. ಕೈಯಲ್ಲಿರುವುದನ್ನು ಕೆಳಗಿಡಿ. ಎರಡು ನಿಮಿಷ, ಮಾತಿಲ್ಲದೆ, ಅವರು ನಿಲ್ತಿದ್ದ ಹಾಗೆ ನಿಲ್ಲೋಣ.